ಲಿಫ್ಟಿನ ಮಹಾರಾಜರ ಎಡಗಣ್ಣು

ಮಹಾರಾಜರ ಸಾಮ್ರಾಜ್ಯ ನಾಲ್ಕಡಿ ಅಗಲ, ಐದಡಿ ಉದ್ದ. ಬೇರೆ ರಾಜರು ತಮ್ಮ ಸೀಮೆಯನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಹಬ್ಬಿಸಲು ಒದ್ದಾಡಿದರೆ, ಇವರದು ಯಾರ ಗೊಡವೆಯೂ ಇಲ್ಲದೆ ನೆಟ್ಟಗೆ ಮೇಲಕ್ಕೆ ಏಳು ಮಹಡಿ ಹೋಗಿ ನೆಟ್ಟಗೆ ಕೆಳಕ್ಕೆ ಬರುತ್ತಿತ್ತು. ಸಿಂಹಾಸನವೆಂದರೆ ಒಂದು ಮರದ ಸ್ಟೂಲು. ಅದರ ಒಂದು ಕಾಲು ಗಿಡ್ಡವಾಗಿದ್ದರಿಂದ ಕೆಳಗೆ ರಟ್ಟು ಮಡಚಿ ಇಟ್ಟಿದ್ದರು. ರಾಜಲಾಂಛನ, ಎದೆಯ ಜೇಬಿನ ಮೇಲೆ ಹೊಲಿದ ಕಟ್ಟಡದ ಹೆಸರು. ಅದರಲ್ಲಿ ಎರಡು ಅಕ್ಷರ ಒಗೆತಕ್ಕೆ ಬಲಿಯಾಗಿದ್ದವು.

ಸಂಬಳದ ಪಟ್ಟಿಯಲ್ಲಿ ಅವರು ಲಿಫ್ಟ್ ಆಪರೇಟರ್. ಮಹಾರಾಜ ಎನ್ನುವುದು ಪ್ರಜೆಗಳೇ ಕೊಟ್ಟ ಬಿರುದು. ಲಿಫ್ಟಿನ ಬಟನ್ನುಗಳೆಲ್ಲ ಬಾಗಿಲಿನ ಬಲಕ್ಕಿದ್ದವು, ಹಾಗಾಗಿ ಅವರು ಬಲಮೂಲೆ ಹಿಡಿದು ಕೂರುತ್ತಿದ್ದರು, ಜನ ಎಡಕ್ಕೆ ನಿಲ್ಲುತ್ತಿದ್ದರು. ಎಡಗಡೆಯಿಂದ ಯಾರಾದರೂ "ನಾಲ್ಕು" ಎಂದರೆ ಎಲ್ಲರ ಹಾಗೆ ಕಣ್ಣು ಹೊರಳಿಸಿ ಮುಗಿಸುವ ಆಸಾಮಿ ಅವರಲ್ಲ. ಇಡೀ ಕತ್ತನ್ನೇ ನಿಧಾನವಾಗಿ, ಆನೆಯ ಮೇಲೆ ಕೂತು ಬೀದಿಯ ಜನರ ಕಡೆ ಕೃಪೆ ತೋರುವವರಂತೆ, ಆ ಕಡೆಗೆ ತಿರುಗಿಸುತ್ತಿದ್ದರು. ಹೊಸಬರು "ಏನು ಗತ್ತಪ್ಪ ಇವಂದು" ಎನ್ನುತ್ತಿದ್ದರು. ಹಳಬರು "ಮಹಾರಾಜರೇ, ನಾಲ್ಕನೇ ಮಹಡಿಗೆ ಅಪ್ಪಣೆಯಾಗಲಿ" ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷದಿಂದ ನಡೆದಿದ್ದ ಈ ದರ್ಬಾರಿನಲ್ಲಿ ದಿನಕ್ಕೆ ಮುನ್ನೂರೋ ನಾನೂರೋ ಜನ ಹಾಜರಿ ಹಾಕುತ್ತಿದ್ದರು. ತಲೆಗೆ ಹೆಚ್ಚೆಂದರೆ ನಲವತ್ತು ಸೆಕೆಂಡು. ಮಹಾರಾಜರ ಪಾಲಿಗೆ ಮನುಷ್ಯರ ಸಹವಾಸ ಎಂಬುದು ಇಷ್ಟೇ. ಸಂಜೆ ಆರಕ್ಕೆ ಬಾಗಿಲೆಳೆದು ಮನೆಗೆ ಹೋದರೆ ಅಲ್ಲಿ ಒಂದು ರೂಮು, ಒಂದು ಮಂಚ, ಒಂದು ತಟ್ಟೆ. ಬಾಯಿಬಿಟ್ಟು ಮಾತಾಡುವುದು ಕುಕ್ಕರು ಮಾತ್ರ, ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ರಜೆಯ ದಿನ ಅವರ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಮೊದಲ "ನಮಸ್ಕಾರ ಸಾರ್" ಹೊರಡುವ ಮುನ್ನ ಎರಡು ಸಲ ಕೆಮ್ಮಿ ಧ್ವನಿಯನ್ನು ಎಬ್ಬಿಸಬೇಕಾಗುತ್ತಿತ್ತು.

ಇಂಥ ಸಾಮ್ರಾಜ್ಯಕ್ಕೆ ಗಂಡಾಂತರ ಬಂದದ್ದು ಒಂದು ಮಂಗಳವಾರ. ಕಟ್ಟಡದ ಮ್ಯಾನೇಜರು ಕರೆಸಿ, ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದರೆಂದರೆ ವಿಷಯ ಕೆಟ್ಟದ್ದೇ.

"ನಿಮ್ಮ ಮೇಲೆ ಕಂಪ್ಲೇಂಟ್ ಬಂದಿದೆ."

"ಲಿಫ್ಟ್ ಕಿರ್ ಅಂತಿದೆ ಅಂತಾನಾ ಸಾರ್? ಗ್ರೀಸ್ ಕೇಳಿ ಆರು ತಿಂಗಳಾಯ್ತು."

"ಲಿಫ್ಟಿನ ಮೇಲಲ್ಲ. ನಿಮ್ಮ ಮೇಲೆ. ಐದನೇ ಮಹಡಿಗೆ ಹೊಸದಾಗಿ ಬಂದಿದಾರಲ್ಲ ಮೇಡಂ, ಅವರಿಗೆ ದಿನಾ ಕಣ್ಣು ಹೊಡೀತೀರಂತೆ."

"ಯಾರು?"

"ನೀವು."

ಮಹಾರಾಜರು ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ನೋಡಿದರು. ಯಾರೂ ಇರಲಿಲ್ಲ. ಆ ಮೇಡಂ ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಬಲಗಡೆ ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿದರು.

ಮ್ಯಾನೇಜರು ಪೆನ್ನು ಕೆಳಗಿಟ್ಟರು. "ಈಗಲೂ ಹೊಡೆದ್ರಿ."

"ನಾನಾ?"

"ನನಗೇ ಹೊಡೆದ್ರಲ್ರೀ. ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ."

ತೀರ್ಮಾನ ಅಲ್ಲೇ ಆಯಿತು. ಮುಂದಿನ ತಿಂಗಳ ಎರಡನೇ ತಾರೀಖು ಮೂವರ ಸಮಿತಿ ಕೂರುತ್ತದೆ. ತಪ್ಪು ಸಾಬೀತಾದರೆ ಲಿಫ್ಟು ಬಿಡಬೇಕು. ಅಲ್ಲಿಯ ತನಕ ನೆಲಮಾಳಿಗೆಯ ಸ್ಟೋರ್ ರೂಮಿನಲ್ಲಿ ಬಲ್ಬು, ಫಿನಾಯಿಲು, ಪೊರಕೆಗಳ ಜೊತೆ ವನವಾಸ. ಆ ಪ್ರಜೆಗಳು ಯಾವ ಮಹಡಿಗೂ ಹೋಗುತ್ತಿರಲಿಲ್ಲ.

ಆ ಸಂಜೆ ಅವರು ಕನ್ನಡಿ ಮುಂದೆ ನಿಂತು ತನಿಖೆ ನಡೆಸಿದರು. ನೇರ ನೋಡಿದರೆ ಎರಡೂ ಕಣ್ಣು ತೆರೆದೇ ಇದ್ದವು. ಬಲಕ್ಕೆ ನೋಡಿದರೆ ಕನ್ನಡಿ ತಪ್ಪಿಹೋಗಿ ಗೋಡೆಯ ಮೊಳೆ ಕಾಣುತ್ತಿತ್ತು. ಜಗತ್ತಿನಲ್ಲಿ ಯಾರೇ ಆಗಲಿ, ತಾನು ಓರೆನೋಟ ಬೀರುವಾಗ ಹೇಗೆ ಕಾಣುತ್ತೇನೆ ಎಂದು ನೋಡಿಕೊಂಡವರು ಕಡಿಮೆ. ತಮ್ಮ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದು ಮಹಾರಾಜರು ತೀರ್ಪಿತ್ತರು. ಮರುದಿನ ಆ ತೀರ್ಪಿಗೆ ಸೀಲು ಹಾಕಿಸಲು ಕಣ್ಣಾಸ್ಪತ್ರೆಗೆ ಹೋದರು.

"ನನ್ನ ಕಣ್ಣು ಸರಿಯಾಗಿದೆ ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು ಡಾಕ್ಟರೇ. ನಾನು ಯಾರಿಗೂ ಕಣ್ಣು ಹೊಡಿಯಲ್ಲ ಅಂತ."

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ನಗಲಿಲ್ಲ. ಪೆನ್ನೊಂದನ್ನು ಮುಖದ ಮುಂದೆ ಹಿಡಿದು, "ಕತ್ತು ಅಲ್ಲಾಡಿಸ್ಬೇಡಿ, ಕಣ್ಣಲ್ಲಿ ಮಾತ್ರ ಹಿಂಬಾಲಿಸಿ" ಎಂದರು. ಪೆನ್ನು ಎಡಕ್ಕೆ ಹೋಯಿತು. ಬಲಗಣ್ಣು ಅದರ ಹಿಂದೆ ಹೋಯಿತು. ಎಡಗಣ್ಣು ಮಧ್ಯದವರೆಗೆ ಬಂದು, ಮುಂದಕ್ಕೆ ದಾರಿಯೇ ಇಲ್ಲ ಎಂಬಂತೆ ನಿಂತಿತು. ಪೆನ್ನು ಬಲಕ್ಕೆ ಬಂತು. ಎಡಗಣ್ಣು ಮೂಗಿನ ಕಡೆ ಸರಿದು, ಒಳಕ್ಕೆ ಜಗ್ಗಿದಂತಾಗಿ, ರೆಪ್ಪೆ ಅರ್ಧ ಮುಚ್ಚಿತು. ಡಾಕ್ಟರಮ್ಮ ಇದನ್ನು ಐದಾರು ಸಲ ಮಾಡಿಸಿದರು. ಆಮೇಲೆ ಅವರ ಮುಖವನ್ನು ಎಡಕ್ಕೆ ತಿರುಗಿಸಿ ಹಿಡಿದು, ಬಲಗಡೆ ಒಂದು ಕೈಗನ್ನಡಿ ಇಟ್ಟು, "ಈಗ ನಿಮ್ಮನ್ನ ನೀವೇ ನೋಡ್ಕೊಳಿ" ಎಂದರು.

ಕನ್ನಡಿಯೊಳಗಿದ್ದ ಮನುಷ್ಯ ಮಹಾರಾಜರಿಗೆ ಕಣ್ಣು ಹೊಡೆದ. ಸಂಶಯಕ್ಕೆ ಎಡೆಯಿಲ್ಲದ, ಪಳಗಿದ ಪೋಲಿಯ ಕಣ್ಣು.

"ಇವನು ಯಾವಾಗಿಂದ ಹೀಗೆ?" ಎಂದರು ಮಹಾರಾಜರು, ಬೇರೆ ಯಾರದೋ ವಿಷಯ ಕೇಳುವಂತೆ.

"ಹುಟ್ಟೋಕೆ ಮುಂಚಿನಿಂದ. ಇದಕ್ಕೆ ಡ್ವೇನ್ ಸಿಂಡ್ರೋಮ್ ಅಂತಾರೆ. ಅಪರೂಪ. ನೀವೇನು ಕೆಲಸ ಮಾಡೋದು?"

"ಲಿಫ್ಟು."

"ಸರಿ, ಲಿಫ್ಟಲ್ಲೇ ಹೇಳ್ತೀನಿ. ಕಣ್ಣನ್ನ ಹೊರಗಡೆ ಎಳಿಯೋಕೆ ಒಂದು ಸ್ನಾಯು, ಮೂಗಿನ ಕಡೆ ಎಳಿಯೋಕೆ ಒಂದು. ಒಂದೊಂದಕ್ಕೂ ಬೇರೆ ಬೇರೆ ನರ, ಬಟನ್ನಿಗೆ ವೈರ್ ಇದ್ದ ಹಾಗೆ. ನಿಮ್ಮ ಎಡಗಣ್ಣಲ್ಲಿ ಹೊರಗಿನ ಸ್ನಾಯುವಿನ ವೈರ್ ಬೆಳೀಲೇ ಇಲ್ಲ. ಒಳಗಿನದರ ವೈರೇ ಒಂದು ಕವಲು ಒಡೆದು ಅಲ್ಲಿಗೂ ಹೋಗಿ ಸೇರ್ಕೊಂಡಿದೆ. ಹಾಗಾಗಿ ನೀವು ಬಲಕ್ಕೆ ನೋಡಿದಾಗ ಎರಡೂ ಸ್ನಾಯು ಒಟ್ಟಿಗೆ ಎಳೀತವೆ. ಕಣ್ಣುಗುಡ್ಡೆ ಹಿಂದಕ್ಕೆ ಹೋಗುತ್ತೆ, ರೆಪ್ಪೆ ಕಿರಿದಾಗುತ್ತೆ. ನೋಡೋರಿಗೆ ಕಣ್ಣು ಹೊಡೆದ ಹಾಗೆ. ಎಡಕ್ಕೆ ನೋಡೋಕೆ ಆ ಕಣ್ಣು ಬರಲ್ಲ, ಅದಕ್ಕೇ ಕತ್ತು ತಿರುಗಿಸ್ತೀರಿ. ಬುದ್ಧಿವಂತ ಕತ್ತು ನಿಮ್ಮದು. ಅದು ತಿರುಗದೆ ಇದ್ರೆ ಎಲ್ಲಾ ಎರಡೆರಡು ಕಾಣ್ತಿತ್ತು."

"ಯಾರು ಮರೆತಿದ್ದು, ವೈರ್ ಹಾಕೋದು?"

"ಯಾರೂ ಅಲ್ಲ. ತಾಯಿ ಹೊಟ್ಟೆಯಲ್ಲಿ ನೀವು ಒಂದೂವರೆ, ಎರಡು ತಿಂಗಳಿದ್ದಾಗ ಆಗಿದ್ದು. ಅವರಿಗೂ ಗೊತ್ತಾಗಿರಲ್ಲ."

"ರಿಪೇರಿ?"

"ವೈರ್ ಹೊಸದಾಗಿ ಎಳಿಯೋಕೆ ಆಗಲ್ಲ. ಕತ್ತು ತುಂಬಾ ವಾಲಿದ್ರೆ ಆಪರೇಷನ್ ಮಾಡ್ತೀವಿ, ನಿಮಗೆ ಬೇಡ. ದೃಷ್ಟಿ ನನಗಿಂತ ಚೆನ್ನಾಗಿದೆ. ಆಫೀಸಿಗೆ ಬರ್ಕೊಡ್ತೀನಿ. ನಂಬದೆ ಹೋದ್ರೆ ಚಿಕ್ಕಂದಿನ ಫೋಟೋ ತೋರಿಸಿ, ಅದರಲ್ಲೇ ಗೊತ್ತಾಗುತ್ತೆ."

ಯಾರೋ ಒಬ್ಬ ಡ್ವೇನ್ ಹೇಳದೆ ಕೇಳದೆ ತಮ್ಮ ಎಡಗಣ್ಣಿನಲ್ಲಿ ನಲವತ್ತೊಂಬತ್ತು ವರ್ಷ ಬಿಡಾರ ಹೂಡಿದ್ದನ್ನು ಜೀರ್ಣಿಸಿಕೊಳ್ಳುತ್ತ ಮಹಾರಾಜರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಕೂತಲ್ಲೇ ಹಳೆಯ ಕಡತಗಳು ಒಂದೊಂದಾಗಿ ಬಿಚ್ಚಿಕೊಂಡವು. ಐದನೇ ಕ್ಲಾಸಿನಲ್ಲಿ ಭೂಗೋಳದ ಟೀಚರು ಕಾರಣವಿಲ್ಲದೆ ಕೆನ್ನೆಗೆ ಬಿಗಿದದ್ದು. ಆಗ ನಕ್ಷೆ ಬಲಗಡೆ ತೂಗುಹಾಕಿತ್ತು. ಟೈಪಿಂಗ್ ಕ್ಲಾಸಿನಲ್ಲಿ ಎಡಗಡೆ ಕೂರುತ್ತಿದ್ದ, ರಿಬ್ಬನ್ ಹಾಕಿಕೊಡುತ್ತಿದ್ದ ಹುಡುಗಿ ಒಂದು ದಿನ ತಟ್ಟನೆ ಎದ್ದು ಹಿಂದಿನ ಸಾಲಿಗೆ ಹೋಗಿ, ಮತ್ತೆಂದೂ ಮಾತಾಡದ್ದು. ಅವಳು ಎದ್ದದ್ದಕ್ಕೆ ತಮ್ಮ ಅಂಗಿಯ ಬೆವರು ಕಾರಣವೆಂದು ಅವರು ಇಪ್ಪತ್ತೇಳು ವರ್ಷ ನಂಬಿ, ದಿನಕ್ಕೆರಡು ಸಲ ಸ್ನಾನ ಮಾಡಿಕೊಂಡು ಬಂದಿದ್ದರು. ಮತ್ತೆ ಅಕ್ಕ. ಭಾವ ತೀರಿಕೊಂಡ ದಿನ ಅವಳ ಪಕ್ಕದಲ್ಲಿ ಕೂತಿದ್ದಾಗ, ಅಷ್ಟು ಜನರ ಮುಂದೆ, "ಎದ್ದು ಹೋಗು, ಇನ್ನು ನಿನ್ನ ಮುಖ ತೋರಿಸ್ಬೇಡ" ಎಂದಿದ್ದಳು. ತಾವು ತಡವಾಗಿ ಬಂದದ್ದಕ್ಕೆ ಸಿಟ್ಟು ಎಂದುಕೊಂಡಿದ್ದರು. ಹತ್ತೊಂಬತ್ತು ವರ್ಷವಾಯಿತು. ಅವಳ ಮನೆ ಇದ್ದದ್ದು ಒಂಬತ್ತು ಬಸ್ ಸ್ಟಾಪಿನ ದೂರದಲ್ಲಿ.

ಮ್ಯಾನೇಜರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಸರೇ ಕೇಳದ ಕಾಯಿಲೆ, ಕಂಪ್ಲೇಂಟ್ ಬಂದ ಮರುದಿನದ ತಾರೀಖು. "ನಾನು ನಂಬ್ತೀನಿ ಅಂತಿಟ್ಕೊಳಿ. ಸಮಿತಿ ನಂಬ್ಬೇಕಲ್ಲ. ಹುಟ್ಟಿದಾಗಿನಿಂದ ಅಂತ ಬರೆದಿದ್ದಾರೆ. ಚಿಕ್ಕಂದಿನದು ಏನಾದ್ರೂ ಇದ್ರೆ ತನ್ನಿ."

ಮಹಾರಾಜರ ಮನೆಯ ಗೋಡೆಯ ಮೇಲೆ ಐದನೇ ಹುಟ್ಟುಹಬ್ಬದ ಫೋಟೋ ಒಂದಿತ್ತು. ಫ್ರೇಮಿನ ಸಮೇತ ಕಂಕುಳಲ್ಲಿಟ್ಟು ತಂದರು. ಮ್ಯಾನೇಜರು ಕನ್ನಡಕ ಏರಿಸಿ ನೋಡಿ, ಕನ್ನಡಕ ಇಳಿಸಿ ನೋಡಿ, ಫ್ರೇಮನ್ನು ಅವರ ಕಡೆಗೇ ತಿರುಗಿಸಿದರು.

"ಇದರಲ್ಲಿ ಕಣ್ಣು ದಾರ ಹಿಡಿದಷ್ಟು ನೇರ ಇದೆಯಲ್ರೀ."

ಇತ್ತು. ಕತ್ತು ನೇರ, ಕಾಲರು ನೇರ, ಎರಡು ಕಣ್ಣೂ ನೇರ. ತಮ್ಮ ವಿರುದ್ಧ ತಾವೇ ಸಾಕ್ಷಿ ತಂದುಕೊಟ್ಟ ಮಹಾರಾಜರಿಗೆ ಆಗ ಅಪ್ಪನ ನೆನಪಾಯಿತು.

ಅಪ್ಪನದು ಫೋಟೋ ಸ್ಟುಡಿಯೋ. ಸೊಟ್ಟಗಿನದು ಯಾವುದೂ ತನ್ನ ಸ್ಟುಡಿಯೋದ ಬಾಗಿಲು ದಾಟಿ ಹೊರಗೆ ಹೋಗಬಾರದು ಎಂಬುದು ಅವರ ಶಪಥ. ಅಲ್ಲಿ ಬಂದವರ ಮಚ್ಚೆ ಮಾಯವಾಗುತ್ತಿತ್ತು, ಬೋಳುತಲೆಯ ಹೊಳಪು ಇಳಿಯುತ್ತಿತ್ತು, ಜಗಳವಾಡಿಕೊಂಡು ಬಂದ ಗಂಡಹೆಂಡಿರ ಭುಜ ಒಂದಕ್ಕೊಂದು ತಾಗುತ್ತಿತ್ತು. ಪ್ರತಿ ಹುಟ್ಟುಹಬ್ಬಕ್ಕೆ ಮಗನನ್ನು ಕ್ಯಾಮೆರಾ ಮುಂದೆ ಕೂರಿಸಿ, ಗಲ್ಲ ಹಿಡಿದು, ವಾಲಿದ ಕತ್ತನ್ನು ನೇರ ಮಾಡಿ, "ಅಲ್ಲಾಡ್ಬೇಡ" ಎನ್ನುತ್ತಿದ್ದರು. ಅಲ್ಲಾಡದೆ ಕೂತ ಹುಡುಗನಿಗೆ ಎರಡು ಕ್ಯಾಮೆರಾ, ಎರಡು ಅಪ್ಪಂದಿರು ಕಾಣುತ್ತಿದ್ದರು. ಸ್ಟುಡಿಯೋದಲ್ಲಿ ಕೂತವರಿಗೆಲ್ಲ ಹಾಗೇ ಕಾಣುತ್ತದೆ ಎಂದುಕೊಂಡು ಅವನು ಯಾರಿಗೂ ಹೇಳಿರಲಿಲ್ಲ. ಪ್ರಿಂಟ್ ಆದ ಮೇಲೆ ಮೂಗಿನ ಕಡೆ ಜಾರಿದ್ದ ಎಡಗಣ್ಣಿನ ಕಪ್ಪನ್ನು ಅಳಿಸಿ, ನಡುವೆ ಹೊಸ ಕಪ್ಪು ಇಡಬೇಕಿತ್ತು. ಮೂರು ಕೂದಲಿನ ಕುಂಚದಲ್ಲಿ ಮಾಡುವ ಕೆಲಸ. ಅದನ್ನು ಮಾಡುತ್ತಿದ್ದವಳು ಹತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕ. ತಿದ್ದಿದ್ದು ಪ್ರಿಂಟನ್ನು. ನೆಗೆಟಿವ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಅವು ಅಕ್ಕನ ಬಳಿ ಇದ್ದವು.

ಒಂಬತ್ತು ಬಸ್ ಸ್ಟಾಪುಗಳ ದಂಡಯಾತ್ರೆಯನ್ನು ಮಹಾರಾಜರು ಮೂರು ಸಲ ಕೈಗೊಂಡರು. ಎರಡು ಸಲ ಎಂಟನೇ ಸ್ಟಾಪಿನಲ್ಲಿ ಇಳಿದು ಹಿಂದೆ ಬಂದರು. ಮೂರನೆಯ ಸಲ ಬಾಗಿಲು ತಟ್ಟಿದರು. ಬಾಗಿಲು ಒಂದು ಗೇಣು ತೆರೆಯಿತು.

"ಯಾರು ಹೋದ್ರು?" ಎಂದಳು ಅಕ್ಕ.

"ಯಾರೂ ಹೋಗಿಲ್ಲ."

"ಮತ್ತೆ ಯಾಕೆ ಬಂದೆ?"

"ಅಪ್ಪನ ನೆಗೆಟಿವ್ ಡಬ್ಬ ಬೇಕಿತ್ತು."

"ಹತ್ತೊಂಬತ್ತು ವರ್ಷ ಆದ್ಮೇಲೆ ಡಬ್ಬ ಕೇಳ್ಕೊಂಡು ಬಂದ. ಚಪ್ಪಲಿ ಅಲ್ಲೇ ಬಿಡು."

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯಲ್ಲಿ ಇನ್ಯಾರ ಸದ್ದೂ ಇರಲಿಲ್ಲ. ಅವರು ಡಾಕ್ಟರ ಕಾಗದ ಕೊಟ್ಟರು. ಅಕ್ಕ ಅದನ್ನು ಕೈ ಚಾಚುವಷ್ಟು ದೂರ ಹಿಡಿದು ಓದಿದಳು. "ಇದೇನು ಹೆಸರೋ, ನಾಲಿಗೆ ಮೇಲೆ ನಿಲ್ಲಲ್ಲ," ಎಂದಳು. ಆಮೇಲೆ ಎಡಗಡೆಗೆ ಬಂದು ನಿಂತು, "ನನ್ನ ಕಡೆ ತಿರುಗು. ಈಗ ಕತ್ತು ಹಾಗೇ ಇಟ್ಟು ಫ್ರಿಜ್ ನೋಡು."

ಫ್ರಿಜ್ ಬಲಗಡೆ ಇತ್ತು. ನೋಡಿದರು.

"ಇನ್ನೊಂದ್ಸಲ."

ನೋಡಿದರು. ಮೂರನೆಯ ಸಲ ನೋಡುವಷ್ಟರಲ್ಲಿ ಅಕ್ಕ ಕುರ್ಚಿ ಹುಡುಕಿಕೊಂಡು ಕೂತಿದ್ದಳು.

"ಆವತ್ತು ಏನು ನೋಡ್ತಿದ್ದೆ?"

"ಯಾವತ್ತು?"

"ಯಾವತ್ತು ಅಂತ ನಿಂಗೆ ಗೊತ್ತು."

"ನೀರಿನ ಜಗ್ಗು. ಕಿಟಕಿ ಕಟ್ಟೆ ಮೇಲಿತ್ತು. ನೀನು ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ ಅಂದ್ರು ಯಾರೋ. ಎದ್ದು ಒಂದು ಲೋಟ ತರೋಣ ಅಂತ ನೋಡ್ದೆ."

ಅಕ್ಕ ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು.

"ತಂದಿದ್ರೆ ಕುಡೀತಿದ್ದೆ," ಎಂದಳು.

ಆಮೇಲೆ ಅವಳೇ, "ಹದಿನೇಳು ಸಲ ನಿನ್ನ ಕಣ್ಣು ತಿದ್ದಿದ್ದೀನೋ. ಎರಡನೇ ವರ್ಷದ್ದರಿಂದ ಹಿಡಿದು. ನಿನ್ನ ಕಣ್ಣನ್ನ ನನ್ನಷ್ಟು ಹೊತ್ತು ನೋಡ್ದೋರು ಇಲ್ಲ. ಒಂದ್ಸಲಾನೂ ಯಾಕೆ ಹೀಗಿದೆ ಅಂತ ಕೇಳ್ಲಿಲ್ಲ ನೋಡು. ಬೇಗ ಮುಗಿಸಿ ಎದ್ದು ಹೋದ್ರೆ ಸಾಕಿತ್ತು," ಎಂದಳು. ಡಬ್ಬವನ್ನು ಮಾತ್ರ ಕೈಗೆ ಕೊಡಲಿಲ್ಲ. "ನಿನ್ನ ಕೈಯಲ್ಲಿ ಕೊಟ್ರೆ ಬಸ್ಸಲ್ಲಿ ಬಿಟ್ಟು ಹೋಗ್ತೀಯ. ನಾನೇ ತರ್ತೀನಿ."

ಎರಡನೇ ತಾರೀಖು ಏಳನೇ ಮಹಡಿಯಲ್ಲಿ ಸಮಿತಿ ಕೂತಿತು: ಮ್ಯಾನೇಜರು ಮತ್ತು ಬೇರೆ ಬೇರೆ ಆಫೀಸುಗಳಿಂದ ಇಬ್ಬರು ಹಿರಿಯರು. ಒಂದು ಪಕ್ಕದಲ್ಲಿ ಐದನೇ ಮಹಡಿಯ ಮೇಡಂ, ಕೈಯಲ್ಲಿ ಕಂಪ್ಲೇಂಟಿನ ಪ್ರತಿ. ಅಕ್ಕ ಯಾರ ತಕರಾರೂ ಇಲ್ಲದೆ ಮೇಜನ್ನೇ ಆಕ್ರಮಿಸಿದಳು. ಹದಿನೇಳು ನೆಗೆಟಿವ್, ಅವುಗಳಿಂದ ಹೊಸದಾಗಿ ಹಾಕಿಸಿದ ಹದಿನೇಳು ಪ್ರಿಂಟು, ಪಕ್ಕದಲ್ಲಿ ಗೋಡೆಯಿಂದ ಇಳಿಸಿದ ಆ ಹಳೆಯ ಫ್ರೇಮು. ಹೊಸ ಪ್ರಿಂಟುಗಳಲ್ಲಿ ಎರಡು ವರ್ಷದ ಮಗುವಿನಿಂದ ಮೀಸೆ ಚಿಗುರಿದ ಹುಡುಗನವರೆಗೆ ಎಲ್ಲರ ಎಡಗಣ್ಣೂ ಮೂಗಿನ ಕಡೆ ಸರಿದು ಕೂತಿತ್ತು.

"ಅಂದ್ರೆ ಈ ಫ್ರೇಮಿನ ಫೋಟೋ ಸುಳ್ಳು?" ಎಂದರು ಹಿರಿಯರೊಬ್ಬರು.

"ಸುಳ್ಳು. ಮಾಡಿದವಳು ನಾನು. ಬೇಕಿದ್ರೆ ಒಂದು ಕುಂಚ ಕೊಡಿ, ನಿಮ್ಮದೂ ತಿದ್ದಿ ತೋರಿಸ್ತೀನಿ."

ಡಾಕ್ಟರ ಕಾಗದವನ್ನು ಮೇಡಂ ಎರಡು ಸಲ ಓದಿದರು. ಅವರ ಕಿವಿ ಕೆಂಪಾಗಿತ್ತು. "ನನಗೆ ಇದು ಗೊತ್ತಿರಲಿಲ್ಲ," ಎಂದರು.

"ನಂಗೂ ಗೊತ್ತಿರಲಿಲ್ಲ ಮೇಡಂ," ಎಂದರು ಮಹಾರಾಜರು. "ನೀವು ಬರೆದಿಲ್ದಿದ್ರೆ ಗೊತ್ತೇ ಆಗ್ತಿರಲಿಲ್ಲ."

ಹೀಗೆ ಒಂದು ಹನಿ ರಕ್ತ ಚೆಲ್ಲದೆ ಸಾಮ್ರಾಜ್ಯ ಮರಳಿ ಬಂತು. ಅಕ್ಕನನ್ನು ಮಹಾರಾಜರೇ ಕೆಳಗೆ ಇಳಿಸಿದರು. ಏಳು ಮಹಡಿ, ನಲವತ್ತು ಸೆಕೆಂಡು. ಅಷ್ಟರಲ್ಲಿ ಹತ್ತೊಂಬತ್ತು ವರ್ಷದ್ದು ಏನು ಹೇಳಿ ಮುಗಿಸಲಾದೀತು.

"ಬಸ್ ಸಿಗುತ್ತಾ?"

"ಸಿಗುತ್ತೆ. ನೆಗೆಟಿವ್ ನನ್ನ ಹತ್ರಾನೇ ಇರ್ಲಿ. ಬೇಕಾದಾಗ ಬಾ."

ಬೇಕಾದಾಗ ಎಂದರೆ ಯಾವಾಗ ಎಂದು ಕೇಳುವ ಮೊದಲೇ ಅವಳು ಗೇಟು ದಾಟಿದ್ದಳು.

ಮ್ಯಾನೇಜರು ತಮ್ಮ ನ್ಯಾಯದ ಗುರುತಿಗೆ ಲಿಫ್ಟಿನೊಳಗೆ ಒಂದು ನೋಟೀಸು ಅಂಟಿಸಿದರು: "ಆಪರೇಟರ್ ಅವರ ಎಡಗಣ್ಣು ಕಿರಿದಾಗುವುದು ಹುಟ್ಟಿನಿಂದ ಬಂದದ್ದು. ಯಾರೂ ಅನ್ಯಥಾ ಭಾವಿಸಬಾರದು." ಪ್ರಜೆಗಳು ಒಳಗೆ ಬಂದರೆ ಮೊದಲು ನೋಟೀಸು ಓದುತ್ತಿದ್ದರು, ಆಮೇಲೆ ನೆಲ ನೋಡುತ್ತಿದ್ದರು. ಮಹಾರಾಜರ ಮುಖದ ಸರದಿ ಬರುವ ಹೊತ್ತಿಗೆ ಅವರ ಮಹಡಿ ಬಂದಿರುತ್ತಿತ್ತು.

ಮೂರನೇ ಮಹಡಿಯಲ್ಲಿ ಮನೆಗಳ ನಕ್ಷೆ ಬರೆಯುವ ಹಿರಿಯರೊಬ್ಬರಿದ್ದರು. ಅವರಿಗೆ ಕಣ್ಣಿನ ತೊಂದರೆಯಿದೆ ಪಾಪ ಎಂದು ಮಹಾರಾಜರು ಬಹಳ ಕಾಲದಿಂದ ಮರುಗುತ್ತಿದ್ದರು, ಏಕೆಂದರೆ ಆ ಹಿರಿಯರು ದಿನಾ ಇಳಿಯುವಾಗ ಒಂದು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ನೋಟೀಸು ಓದಿದ ದಿನ ಅವರು ಇಳಿಯದೆ ಬಾಗಿಲಲ್ಲೇ ನಿಂತರು.

"ಹನ್ನೊಂದು ವರ್ಷದಿಂದ ನಾನು ನಿಮಗೆ ತಿರುಗಿ ಕಣ್ಣು ಹೊಡೀತಿದ್ದೆ ಕಣ್ರೀ. ನಮ್ಮಿಬ್ಬರಿಗೂ ಮ್ಯಾನೇಜರ ವಿಷಯದಲ್ಲಿ ಏನೋ ಒಳಒಪ್ಪಂದ ಇದೆ ಅಂದ್ಕೊಂಡಿದ್ದೆ."

"ನಾನು ನಿಮಗೆ ಕಣ್ಣು ಸರಿ ಇಲ್ಲ ಅಂದ್ಕೊಂಡಿದ್ದೆ ಸಾರ್."

"ಹಾಗಾದ್ರೆ ಏನೂ ಇರ್ಲಿಲ್ವಾ?"

"ಇಲ್ಲ ಸಾರ್."

ಹಿರಿಯರು ತಲೆದೂಗಿ ಇಳಿದುಹೋದರು. ಮರುದಿನದಿಂದ ಅವರೂ ನೆಲ ನೋಡತೊಡಗಿದರು.

ಮಹಾರಾಜರಿಗೆ ಬಂದ ಹೊಸ ಕಷ್ಟ ಇನ್ನೊಂದು. ಗೊತ್ತಿಲ್ಲದಾಗ ಕಣ್ಣು ತನ್ನ ಪಾಡಿಗೆ ಮುಚ್ಚಿಕೊಳ್ಳುತ್ತಿತ್ತು. ಈಗ ಬಲಕ್ಕೆ ನೋಡಿದಾಗಲೆಲ್ಲ ಕೈಗನ್ನಡಿಯೊಳಗಿನ ಆ ಪೋಲಿ ಎದ್ದು ನಿಲ್ಲುತ್ತಿದ್ದ. ಅದಕ್ಕೆ ಅವರು ಬಟನ್ನುಗಳ ಕಡೆ ನೋಡುವುದನ್ನೇ ಬಿಟ್ಟರು. ಬಾಗಿಲನ್ನು ದಿಟ್ಟಿಸುತ್ತ, ಬೆರಳಿನಿಂದ ಕೆಳಗಿನಿಂದ ಎಣಿಸಿಕೊಂಡು ಒತ್ತುತ್ತಿದ್ದರು. ಇಪ್ಪತ್ತೆರಡು ವರ್ಷದ ಬೆರಳು, ಗೊತ್ತಿರಬೇಕಿತ್ತು. ಆದರೆ ನಾಲ್ಕಕ್ಕೆ ಹೋಗುವವರು ಐದಕ್ಕೆ ಇಳಿದರು, ಆರಕ್ಕೆ ಹೋಗುವವರು ನಾಲ್ಕರಲ್ಲಿ ಗೊಣಗಿದರು. ಕೆಲವರು ಮೆಟ್ಟಿಲು ಹತ್ತತೊಡಗಿದರು. ಮ್ಯಾನೇಜರ ಕಿವಿಗೂ ಬಿತ್ತು. "ಗೆದ್ದು ಬಂದಿರೋದು ಲಿಫ್ಟ್ ಕೆಡಿಸೋಕಾ?" ಎಂದು ಕೇಳಿ ಹೋದರು.

ಒಂದು ಮಧ್ಯಾಹ್ನ ಐದನೇ ಮಹಡಿಯ ಮೇಡಂ ಒಬ್ಬರೇ ಹತ್ತಿದರು. ಸಮಿತಿ ಕೂತ ದಿನದಿಂದ ಅವರು ಮೆಟ್ಟಿಲ ಗಿರಾಕಿ. ಆವತ್ತು ಕೈಯಲ್ಲಿ ಎರಡು ದಪ್ಪ ಫೈಲು ಇದ್ದವು.

"ಐದು," ಎಂದರು.

ಮಹಾರಾಜರು ಅವರ ಕಡೆ ಕತ್ತು ತಿರುಗಿಸಲಿಲ್ಲ. ಬಾಗಿಲನ್ನೇ ನೋಡುತ್ತ ಕೈ ಚಾಚಿದರು. ಬೆರಳು ಒಂದು, ಎರಡು ಎಂದು ತಡಕಾಡಿತು. ಲಿಫ್ಟು ಆರನೇ ಮಹಡಿಗೆ ಹೋಗಿ ನಿಂತಿತು.

ಬಾಗಿಲು ತೆರೆಯಿತು, ಮುಚ್ಚಿತು. ಮೇಡಂ ಇಳಿಯಲಿಲ್ಲ.

"ನೋಡಿ ಒತ್ತಿ," ಎಂದರು.

"ಬೇಡ ಮೇಡಂ."

"ನನಗೆ ಐದಕ್ಕೆ ಹೋಗ್ಬೇಕು. ಫೈಲು ಭಾರ ಇದೆ. ನೋಡಿ ಒತ್ತಿ."

ಮಹಾರಾಜರು ನಿಧಾನವಾಗಿ ಅವರತ್ತ ಕತ್ತು ತಿರುಗಿಸಿದರು. ಆಮೇಲೆ ಕಣ್ಣನ್ನು ಬಲಕ್ಕೆ ಒಯ್ದರು. ಎಡಗಣ್ಣು ಹಿಂದೆ ಸರಿಯಿತು, ರೆಪ್ಪೆ ಇಳಿಯಿತು. ಮೇಡಂ ನೆಲ ನೋಡಲಿಲ್ಲ, ನೋಟೀಸನ್ನೂ ನೋಡಲಿಲ್ಲ. ಬಟನ್ನಿನ ದೀಪ ಹತ್ತುವ ತನಕ ಅವರ ಮುಖವನ್ನೇ ನೋಡುತ್ತಿದ್ದರು.

ಐದು ಬಂತು. ಅವರು ಫೈಲನ್ನು ಸರಿಯಾಗಿ ಹಿಡಿದುಕೊಂಡು ಹೊರಟರು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಎಡಕ್ಕೆ ತಿರುಗಿ ನಿಂತುಹೋಯಿತು. ಯಾವ ಮಹಡಿಯಿಂದಲೂ ಕರೆ ಇರಲಿಲ್ಲ. ಮಹಾರಾಜರು ಸೊನ್ನೆಯ ಬಟನ್ನನ್ನು ನೋಡಿ ಒತ್ತಿದರು, ಖಾಲಿ ಲಿಫ್ಟು ಕಿರ್ ಎನ್ನುತ್ತ ಕೆಳಗಿಳಿಯಿತು.